ಮೊದಲನೇ ಬಸ್ಸಿಗೆ ಬಂದ ಪೇಪರು

…ರೈಟ್, ರೋಟ್, ರಿಟನ್. ಗೋ, ವೆಂಟ್, ಗಾನ್. ಈಟ್, ಏಟ್, ಈಟನ್. ನೋಡಿದ್ರಾ ಮೇಷ್ಟ್ರಮ್ಮ, ಈ ಸಲ ಒಂದೂ ತಪ್ಪಲಿಲ್ಲ. ಯಾಕೆ ನಗ್ತೀರಿ? ಅಂಗೈ ನೋಡ್ಕಂಡು ಹೇಳ್ದೆ ಅಂತಾನಾ? ಅಂಗೈಯಾಗೆ ಬರ್ದಿರೋದು ಬೇರೆ. ಬೆಲ್ಲ, ಬೇಳೆ, ಸೀಮೆಎಣ್ಣೆ. ನಮ್ಮನೆಯಾಕೆ ಬರೆಸಿ ಕಳಿಸಿರೋದು. ಇನ್ನೊಂದು ಕೈಯಾ? ಅದು ಬಿಡಿ, ಅದನ್ನ ನೋಡಬ್ಯಾಡಿ.

ಆಯ್ತು, ಬರ್ಕಂಡಿದ್ದೆ. ಅಳಿಸ್ತೀನಿ. ನಲವತ್ತಾರು ವರ್ಷದೋನು, ಆಫೀಸಿನಾಗೆ ಜವಾನ, ಸಂಜೆಗೆ ನಿಮ್ಮ ಮುಂದೆ ಚಕ್ಕಳಮಕ್ಕಳ ಹಾಕ್ಕಂಡು ಕೂತು ಕಾಪಿ ಹೊಡಿಯೋದು… ನನಗೂ ನಾಚಿಕೆ ಐತ್ರೀ. ಏನ್ ಮಾಡ್ಲಿ, ಎಸ್ಸೆಸ್ಸೆಲ್ಸಿಯಾಗೆ ಬೇರೆ ಎಲ್ಲಾ ಸಬ್ಜೆಕ್ಟೂ ಪಾಸು. ಈ ಇಂಗ್ಲಿಷ್ ಒಂದು ಪಾಸಾಗಿಬಿಟ್ರೆ ಗುಮಾಸ್ತ ಆಗ್ತೀನಿ, ಕುರ್ಚಿ ಮೇಲೆ ಕೂರ್ತೀನಿ. ಆಮೇಲೆ ಓಂಕಾರಪ್ಪ ಅನ್ನಂಗಿಲ್ಲ ಯಾರೂ, ಓಂಕಾರಪ್ಪನೋರು ಅನ್ನಬೇಕು.

ಪಾಸ್ಟ್ ಟೆನ್ಸಾ? ನಿನ್ನೆ ಏನು ಮಾಡಿದ್ರಿ ಅಂತ ಹತ್ತು ವಾಕ್ಯ ಹೇಳಬೇಕು. ಹೂಂ. ಯೆಸ್ಟರ್ಡೇ ಐ ವೆಂಟ್ ಟು ಆಫೀಸ್. ಯೆಸ್ಟರ್ಡೇ ಐ ಬ್ರಾಟ್ ಟೀ. ಯೆಸ್ಟರ್ಡೇ ಐ ಬ್ರಾಟ್ ಟೀ ಅಗೇನ್… ಅಷ್ಟೇರೀ. ಜವಾನನ ನಿನ್ನೆಯಾಗೆ ಹತ್ತು ವಾಕ್ಯ ಎಲ್ಲಿಂದ ಬರ್ತವೆ? ನಿಮಗೆ ಗೊತ್ತಿಲ್ಲದ್ದಾ. ನೀವು ನ್ಯಾಮತಿ ಹೈಸ್ಕೂಲಿನಾಗೆ ಓದೋವಾಗ ಬೆಲ್ ಹೊಡೀತಿದ್ದೋನು ನಾನೇ ಅಲ್ವಾ. ಆಗಲೂ ಇದೇ ಪಾಠ ಹೇಳಿಕೊಟ್ಟಿದ್ರಿ, ಊಟದ ಬೆಲ್ ಆದ ಮೇಲೆ, ಪಡಸಾಲೆಯಾಗೆ. ಆಗಲೂ ಹಿಂಗೇ ನಗ್ತಿದ್ರಿ.

ಅಲ್ಲಾ, ಅದೇನದು? ಮೊರದ ಕೆಳಗೆ ಇರೋದು ಆ ಅರ್ಜಿ ಫಾರಂ ಅಲ್ವಾ? ಅದರ ಮೇಲೆ ಶೇಂಗಾ ಸಿಪ್ಪೆ ಸುರೀತಿದ್ದೀರಲ್ಲ ರುದ್ರಾಣಮ್ಮ. ನಾನು ಎರಡು ದಿನ ಅಲೆದಾಡಿ ತಂದುಕೊಟ್ಟಿದ್ದು ಅದು. ಅಂಗನವಾಡಿ ಟೀಚರ್ ಕೆಲಸ, ಇದೇ ಓಣಿಯಾಗೆ, ಮನೆಯಿಂದ ನಾಲ್ಕು ಹೆಜ್ಜೆ. ಸೋಮವಾರ ಕಡೇ ದಿನ. ಇವತ್ತು ಶನಿವಾರ.

ಗೊತ್ತು, ಗೊತ್ತು. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು ಅಂತ ಅದರಾಗೆ ಬರ್ದೈತೆ, ನಾನೂ ಓದಿದೀನಿ. ನೀವು ಫೇಲು. ಜಗಳೂರಿನ ಅರ್ಧ ಮಕ್ಕಳಿಗೆ ಇಂಗ್ಲಿಷ್ ಕಲಿಸ್ತೀರಿ, ನೀವು ಮಾತ್ರ ಫೇಲು. ನಿಮ್ಮತ್ತೆ ಅಜ್ಜಮ್ಮನೋರು ಕಟ್ಟೆ ಮೇಲೆ ಕೂತ್ಕಂಡು ಹೋಗೋರು ಬರೋರಿಗೆಲ್ಲ ಹೇಳ್ತಿರ್ತಾರಲ್ಲ, "ನಮ್ಮ ಫೇಲ್ ಮೇಷ್ಟ್ರು ಒಳಗೆ ಪಾಠ ಮಾಡ್ತಾ ಐತೆ" ಅಂತ. ನೀವು ನಗ್ತೀರಿ. ನನಗೆ ಮಾತ್ರ ಆ ಮಾತು ಕಿವಿಗೆ ಬಿದ್ದಾಗೆಲ್ಲ… ಏನಿಲ್ಲ. ಚಪ್ಪಲಿ ಹುಡುಕ್ಕಂಡು ಎದ್ದು ಹೋಗಾನ ಅನ್ನಿಸ್ತದೆ.

ಸರಿ, ಪಾಠಕ್ಕೆ ಬರ್ತೀನಿ. ಕಣ್ಣು ಬಿಡಬ್ಯಾಡಿ. ನಿನ್ನೆದು ಬ್ಯಾಡ, ಹಳೇದು ಒಂದು ಹೇಳ್ತೀನಿ. ಪಾಸ್ಟ್ ಅಂದ್ರೆ ಎಷ್ಟು ಹಳೇದಾದ್ರೂ ಪಾಸ್ಟೇ ಅಲ್ವಾ? ಕನ್ನಡದಾಗೆ ಹೇಳ್ತೀನಿ, ಆಮೇಲೆ ನೀವೇ ಇಂಗ್ಲಿಷ್ ಮಾಡಿಸಿ.

ಬೆನಕಪ್ಪ ಅಂತ ನನ್ನ ದೋಸ್ತಿ. ಚನ್ನಗಿರಿ ಕಡೆ ಒಂದು ಹೈಸ್ಕೂಲಿನಾಗೆ ಜವಾನ. ನನ್ನಂಗೇ ತಲೆಹರಟೆ ಮನುಷ್ಯ. ಒಂದ್ಸಲ ಗೋಡೆ ಗಡಿಯಾರನ ಅರ್ಧ ಗಂಟೆ ಮುಂದೆ ತಿರುವಿ, ಲಾಂಗ್ ಬೆಲ್ ಹೊಡೆದು ಇಡೀ ಸ್ಕೂಲು ಮನೆಗೆ ಕಳಿಸಿದ್ದ. ಹೆಡ್‌ಮಾಸ್ಟ್ರೂ ಕೊಡೆ ತಗಂಡು ಹೊರಟುಬಿಟ್ಟಿದ್ರು… ಅದು ನಾನು ಮಾಡಿದ್ದಾ? ನಿಮಗೆ ನೆನಪೈತಾ? ಇರಬಹುದು. ನಾನೂ ಮಾಡಿದ್ದೆ, ಅವನೂ ಮಾಡಿದ್ದ. ಜವಾನರು ಅಂದಮೇಲೆ ಗಡಿಯಾರದ ಮೇಲೆ ಕೈ ಆಡಿಸದೆ ಇರ್ತಾರಾ.

ಆಗ ರಿಸಲ್ಟು ಪೇಪರಿನಾಗೆ ಬರ್ತಿತ್ತಲ್ಲ. ಪಾಸಾದೋರ ನಂಬರ್ ಮಾತ್ರ ಇರ್ತಿತ್ತು. ಇದ್ರೆ ಐತೆ, ಇಲ್ಲಾಂದ್ರೆ ಇಲ್ಲ. ಆವತ್ತು ಹೊನ್ನಾಳಿಯಿಂದ ಮೊದಲನೇ ಬಸ್ಸಿಗೆ ಪೇಪರ್ ಬಂಡಲ್ ಬರೋದು. ಬಸ್ ನಿಲ್ಲೋ ಮುಂಚೆ ಏಣಿ ಹತ್ತಿ ಬಂಡಲ್ ಹಿಡಿದೋನೇ ಆವತ್ತಿನ ಸಾಹೇಬ. ಹೊನ್ನಾಳಿ ಬಸ್ಸು ನ್ಯಾಮತಿಗೆ ಬರೋದಲ್ವಾ, ಚನ್ನಗಿರಿಗೆ ಯಾಕೆ ಹೋಗ್ತದೆ ಅಂತೀರಾ? ಹೋಗ್ತಿತ್ತು. ಆಗ ಹೋಗ್ತಿತ್ತು. ನಡುವೆ ಕೇಳಬ್ಯಾಡಿ, ಟೆನ್ಸ್ ತಪ್ತದೆ.

ಬೆನಕಪ್ಪಂದು ಒಂದು ಪದ್ಧತಿ ಇತ್ತು. ಅವನೊಬ್ಬಂದೇ ಅಲ್ಲ, ನಮ್ಮ ಕಡೆ ಪೇಪರ್ ತರೋ ಹುಡುಗರೆಲ್ಲ ಮಾಡೋರು. ಪಾಸಾದೋರ ಮನೆಗೆ ಹೋಗಿ ಮೊದಲು ಮುಖ ಸಪ್ಪಗೆ ಮಾಡ್ಕಂಡು "ನಂಬರ್ ಇಲ್ಲ" ಅನ್ನೋದು. ತಾಯಿ ಸೆರಗು ಬಾಯಿಗೆ ಒತ್ಕಂತಾಳೆ, ಹುಡುಗ ಹಿತ್ತಿಲಿಗೆ ಹೋಗ್ತಾನೆ, ಅಪ್ಪ ಬೈಯ್ಯಾಕೆ ಶುರು ಮಾಡ್ತಾನೆ. ಚೆನ್ನಾಗಿ ಅಳೋವರೆಗೂ ಬಿಟ್ಟು ಆಮೇಲೆ "ತಡೀರಿ, ಈ ಮೂಲೆಯಾಗೆ ಒಂದು ನಂಬರ್ ಐತಲ್ಲ" ಅನ್ನೋದು. ಅಷ್ಟೇ. ಎಷ್ಟು ಅಳಿಸಿರ್ತೀವೋ ಅಷ್ಟು ಪೇಡಾ. ಯಾರೂ ಬೇಜಾರ್ ಮಾಡ್ಕಂತಿರಲಿಲ್ಲ. ಮುಂದಿನ ವರ್ಷ ಅವರ ತಮ್ಮನ ರಿಸಲ್ಟಿಗೆ ನಮ್ಮನ್ನೇ ಕರೆಯೋರು. ನಮ್ಮನ್ನ ಅಂದ್ನಾ? ಅವನನ್ನ. ಬೆನಕಪ್ಪನ್ನ.

ಎಪ್ಪತ್ಮೂರನೇ ಇಸವಿ. ಬಸ್ ಸ್ಟ್ಯಾಂಡ್ ಹೋಟ್ಲಿನಾಗೆ ಒಬ್ಬ ಯಜಮಾನ್ರು ಟೀ ಕುಡೀತಾ ಕೂತಿದ್ರು. ಜೊತೆಗೆ ಪರಸ್ಥಳದೋರು ನಾಲ್ಕು ಜನ, ಹೆಣ್ಣು ಕೇಳಾಕೆ ಬಂದಿದ್ದೋರು. ಯಜಮಾನ್ರು ಮಗಳಿಗೆ ಮಾತು ಕೊಟ್ಟಿದ್ರು. ಪಾಸಾದ್ರೆ ಟೀಚರ್ ಟ್ರೈನಿಂಗಿಗೆ ಕಳಿಸ್ತೀನಿ, ಇಲ್ಲಾಂದ್ರೆ ಬಾಯಿ ಮುಚ್ಕಂಡು ಮದುವೆ ಆಗಬೇಕು ಅಂತ. ಕೆಟ್ಟ ಮನುಷ್ಯ ಅಲ್ಲ ಅವರು. ಮಾತು ಅಂದ್ರೆ ಮಾತು, ಅಷ್ಟೇ. ಬೆನಕಪ್ಪ ಪೇಪರ್ ಹಿಡ್ಕಂಡು ಬಂದ. "ನಮ್ಮ ಹುಡುಗಿ ನಂಬರ್ ನೋಡಪ್ಪ" ಅಂದ್ರು. ಇವನು ನೋಡ್ದ. ಬೆರಳಿಟ್ಟು ನೋಡ್ದ. "ಇಲ್ಲ" ಅಂದ.

ಇಷ್ಟೇ ಕಥೆ. ಶೇಂಗಾ ಸುಲೀರಿ, ಯಾಕೆ ನಿಲ್ಲಿಸಿದ್ರಿ?

ಯಜಮಾನ್ರು ಬೈಯ್ಯಲಿಲ್ಲ, ಕೂಗಾಡಲಿಲ್ಲ. ಅಲ್ಲೇ ತಪ್ಪಾಗಿದ್ದು ನೋಡ್ರಿ. ಬೈದಿದ್ರೆ ಇವನು ನಕ್ಕುಬಿಡ್ತಿದ್ದ. ಅವರು ಬಸಿ ಕೆಳಗಿಟ್ರು, ಬಾಯಿ ಒರೆಸ್ಕಂಡ್ರು, ಆ ನಾಲ್ವರ ಕಡೆ ತಿರುಗಿ "ನಡೀರಿ ಮನೆಗೆ, ಎಲೆ ಅಡಿಕೆ ಬದಲಾಯಿಸಿಬಿಡಾನ" ಅಂದ್ರು. ಹೊರಟೇ ಹೋದ್ರು. ಬೆನಕಪ್ಪ ಪೇಪರ್ ಹಿಡ್ಕಂಡು ನಿಂತೇ ಇದ್ದ. ಸಂಜೆ ಹೋಗಿ ಹೇಳಿದ್ರಾಯ್ತು ಅಂದ್ಕಂಡ. ಸಂಜೆ ಹೋದ. ಅಷ್ಟರಾಗೆ ಶಾಸ್ತ್ರ ಮುಗಿದಿತ್ತು, ಬಾಗಿಲಿಗೆ ಮಾವಿನೆಲೆ ಕಟ್ಟಿದ್ರು. ಆ ಹುಡುಗಿನೇ ತಟ್ಟೆ ತಂದ್ಲು. ಕಣ್ಣು ಊದಿತ್ತು. "ತಗೋ ಅಣ್ಣ" ಅಂದ್ಲು. ಇವನು ಎರಡು ಲಾಡು ತಿಂದ. ಬಾಯಿ ತುಂಬ ಲಾಡು ಇಟ್ಕಂಡೋನು ಹೆಂಗೆ ಮಾತಾಡ್ತಾನೆ, ಹೇಳಿ.

ನಾಳೆ ಹೇಳಬಹುದಿತ್ತು ಅಂತೀರಾ? ಹೇಳಬಹುದಿತ್ತು. ವೀಳ್ಯ ಆದಮೇಲೆ ಮುರಿದ್ರೆ ಹೆಣ್ಣಿನ ಮನೆ ಮರ್ಯಾದೆ ಏನಾಗಬೇಕು? ಹಂಗಂತ ಅವನು ತನಗೆ ತಾನೇ ಹೇಳ್ಕಂಡ. ದಿನಾ ಹೇಳ್ಕಂಡ. ಮೂರು ವಾರಕ್ಕೆ ಮದುವೆನೂ ಆಯ್ತು.

ಏನಂದ್ರಿ? ಮೆಲ್ಲಗೆ ಮಾತಾಡಿ, ಕಟ್ಟೆ ಮೇಲೆ ಅಜ್ಜಮ್ಮನೋರು ಇದಾರೆ. ಮಾರ್ಕ್ಸ್ ಕಾರ್ಡಾ? ಅದು… ಬಂತು. ಸ್ಕೂಲಿಗೇ ಬಂತು, ಮದುವೆ ಆಗಿ ತಿಂಗಳಾದ ಮೇಲೆ. ಹುಡುಗಿ ಗಂಡನ ಮನೆಯಾಗಿದ್ಲು. "ಅವರ ಮನೆಗೆ ನಾನೇ ಮುಟ್ಟಿಸ್ತೀನಿ ಸಾರ್" ಅಂತ ರಿಜಿಸ್ಟರಿನಾಗೆ ಸೈನ್ ಹಾಕಿ ಬೆನಕಪ್ಪ ತಗಂಡ. ಮುಟ್ಟಿಸಲಿಲ್ಲ. ಫೇಲಾದೋರ ಕಾರ್ಡು ಯಾರೂ ಕೇಳಾಕೆ ಬರಲ್ಲ, ಅದೊಂದು ಅನುಕೂಲ.

ಆ ಹುಡುಗಿಗೆ ಏನೂ ಕಮ್ಮಿ ಆಗಿಲ್ಲರೀ. ಗಂಡ ಒಳ್ಳೆಯೋನು, ಕುರಿ ವ್ಯಾಪಾರ. ಇವತ್ತೂ ಸಂತೆಗೆ ಹೋಗಿರಬೇಕು. ಮಕ್ಕಳು ಇದಾವೆ. ಮೇಲಾಗಿ ಅದು ಒಂದು ನಂಬರ್ ವಿಷ್ಯ ಅಷ್ಟೇ. ನಲವತ್ತೊಂದು ಸಾವಿರದ ಆರುನೂರ ಎಂಟು. ಆ ಐದು ಅಂಕಿ ಪೇಪರಿನಾಗೆ ಇದ್ರೆಷ್ಟು, ಬಿಟ್ರೆಷ್ಟು…

ಏನಾಯ್ತು?

ಯಾಕೆ ಹಂಗೆ ನೋಡ್ತೀರಿ? ಬಾಯಿಗೆ ಬಂದ ನಂಬರ್ ಹೇಳ್ದೆ. ನಂಬರಿಗೇನು, ಯಾವುದಾದ್ರೂ ಒಂದು ಹೇಳಬೇಕಲ್ಲ. ಬೆನಕಪ್ಪ ಹೇಳಿದ್ದೇನೋ ತಲೆಯಾಗೆ ಉಳ್ಕಂಡಿತ್ತು. ಅವನು ಸಾಯೋ ಮುಂಚೆ… ಸಾಯಲಿಲ್ಲ, ವರ್ಗ ಆಗಿ ಹೋದ.

ಮೇಷ್ಟ್ರಮ್ಮ, ತಪ್ಪು ಹೇಳಿದಾಗೆಲ್ಲ ಸ್ಕೇಲಿನಾಗೆ ನೆಲಕ್ಕೆ ಬಡೀತೀರಲ್ಲ, ಈಗ ಬಡೀರಿ.

ಬೆನಕಪ್ಪ ಅಂತ ಯಾರೂ ಇಲ್ಲ.

ಪರೀಕ್ಷೆ ಹಿಂದಿನ ದಿನ ಬೆಂಚುಗಳಿಗೆ ನಂಬರ್ ಚೀಟಿ ಅಂಟಿಸಿದ್ದು ನಾನು. ನಿಮ್ಮ ಚೀಟಿಗೆ ಎರಡು ಸಲ ಗೋಂದು ಹಚ್ಚಿದ್ದೆ, ಬಿಟ್ಕಂಡು ಹೋಗಬಾರದು ಅಂತ. ಅದಕ್ಕೇ ನಿಮ್ಮ ನಂಬರ್ ಗೊತ್ತು. ತಗಳ್ರಿ, ಈ ಚೀಲದಾಗೇ ಐತೆ ಕಾರ್ಡು. ಜಗಳೂರಿಗೆ ವರ್ಗ ಆಗಿ ಬಂದಾಗಿಂದ ದಿನಾ ತರ್ತೀನಿ, ದಿನಾ ವಾಪಸ್ ಒಯ್ತೀನಿ. ಮಡಿಕೆ ಬಿದ್ದ ಕಡೆ ಹರಿದೈತೆ, ನೋಡಿ ಬಿಡಿಸ್ರಿ. ಇಂಗ್ಲಿಷಿಗೆ ಅರವತ್ತೆಂಟು. ನಮ್ಮ ಸ್ಕೂಲಿಗೇ ಜಾಸ್ತಿ ನಿಮ್ಮದು. ಇಷ್ಟು ವರ್ಷ ಫೇಲ್ ಫೇಲ್ ಅಂತ… ಸೋಮವಾರಕ್ಕೆ ಇದನ್ನ ಫಾರಂ ಜೊತೆ ಇಟ್ಟು ಕೊಟ್ಬಿಡಿ. ನಾನೇ ಹೋಗಿ ಕೊಟ್ಟು ಬರ್ತೀನಿ. ಬ್ಯಾಡ, ನಾನು ಬ್ಯಾಡ, ನೀವೇ ಹೋಗಿ ಕೊಡಿ. ರಸೀತಿ ಇಸ್ಕಳಿ.

ತಮಾಷೆಗೆ ಮಾಡಿದ್ದು ತಾಯಿ. ಎಲ್ಲರ ಮನೆಯಾಗೂ ಮಾಡಿದಂಗೆ ನಿಮ್ಮದ್ರಾಗೂ ಮಾಡ್ದೆ. ಕೈ ಮೀರಿ ಹೋಯ್ತು. ನಿಮ್ಮಪ್ಪ ಅಷ್ಟು ಬೇಗ ಎದ್ದು ಹೋಗ್ತಾರೆ ಅಂತ ನನಗೇನು ಕನಸಾ? ತಮಾಷೆ ಅದು. ನನ್ನ ಬುದ್ಧಿ ನಿಮಗೆ ಗೊತ್ತಲ್ಲ, ಗಡಿಯಾರ ತಿರುವಿದೋನು ನಾನು. ನೀವೂ ನಕ್ಕಿದ್ರಿ ಆವತ್ತು.

ಬೈದ್ಬಿಡ್ರಿ. ಇಲ್ಲಾ ಅಜ್ಜಮ್ಮನೋರನ್ನ ಒಳಗೆ ಕರೀರಿ, ಅವರ ಎದುರಿಗೂ ಹೇಳ್ತೀನಿ. ಕಾರ್ಡು ನೋಡ್ರಿ, ಕಾರ್ಡು. ನನ್ನ ಯಾಕೆ ನೋಡ್ತೀರಿ? ನಾನು ಹೇಳಿದ್ದು ಅಷ್ಟೂ ನಿಜ.

ಅಷ್ಟೂ ಅಲ್ಲ.

ಆ ವರ್ಷ ನಾನೂ ಕಟ್ಟಿದ್ನಲ್ಲ ಪರೀಕ್ಷೆ. ನಿಮ್ಮ ನೋಟ್‌ಬುಕ್ಕಿನಾಗೇ ಓದಿ, ನೀವು ಹೇಳಿಕೊಟ್ಟಿದ್ದೇ ಬರ್ದೆ. ನನಗಿಂತ ಹದಿನೇಳು ವರ್ಷ ಚಿಕ್ಕೋರು ನೀವು. ಬಸ್ಸಿನ ಏಣಿ ಮೇಲೆ ನಿಂತು ನಾನು ಮೊದಲು ಹುಡುಕಿದ್ದು ನನ್ನ ನಂಬರು. ಮೇಲಿಂದ ಕೆಳಗೆ ನೋಡ್ದೆ, ಕೆಳಗಿಂದ ಮೇಲೆ ನೋಡ್ದೆ. ಕಂಡಕ್ಟ್ರು "ಇಳಿಯೋ ಮಾರಾಯ" ಅಂತ ಕಾಲು ಹಿಡಿದು ಎಳೆದ. ಇರಲಿಲ್ಲ. ಹೋಟ್ಲಿಗೆ ಬಂದ್ರೆ ನಿಮ್ಮಪ್ಪ ನಿಮ್ಮ ನಂಬರ್ ಕೇಳಿದ್ರು. ಹುಡುಕೋದೇನಿತ್ತು, ಸಾಲಿನ ಮೊದಲನೇದೇ ನಿಮ್ಮದು. ಅದರ ಮೇಲೆ ಬೆರಳಿಟ್ಕಂಡೇ ಇಲ್ಲ ಅಂದೆ. ನಗು ಬರಲಿಲ್ಲ ನನಗೆ. ಬೇರೆಯೋರ ಮನೆಯಾಗೆ ನಗು ತಡ್ಕಳ್ಳೋದೇ ಕಷ್ಟ ಆಗ್ತಿತ್ತು, ಆವತ್ತು ಬರಲೇ ಇಲ್ಲ.

ಸಂಜೆ ನಿಮ್ಮನೆಗೆ ಬಂದಾಗ ನನ್ನ ಹತ್ರ ಪೇಪರ್ ಇರಲಿಲ್ಲ ರುದ್ರಾಣಮ್ಮ. ಮಧ್ಯಾಹ್ನಾನೇ ಒಲೆಗೆ ಹಾಕಿದ್ದೆ. ನಿಜ ಹೇಳಾಕೆ ಅಂತ ಬಂದಿರಲಿಲ್ಲ ನಾನು.

ನೀವೂ ನನ್ನಂಗೇ ಅತ್ತಿದ್ದೀರಾ ಅಂತ ನೋಡಾಕೆ ಬಂದಿದ್ದೆ.