ಮರಿಗೆ ಹೊದಿಸಿದ ಚರ್ಮ

ಸಭೆಯ ಅಧ್ಯಕ್ಷರಾದ ಚಂದ್ರಶೇಖರ್ ಅವರೇ, ಶಿಕಾರಿಪುರದ ಕಾಲೇಜಿನಲ್ಲಿ ನನಗೆ ಕನ್ನಡ ಕಲಿಸಿದ, ಇಂದಿನ ಮುಖ್ಯ ಅತಿಥಿ ವಾಸಂತಿ ಮೇಡಂ ಅವರೇ, ನನ್ನ ಜೊತೆ ಸನ್ಮಾನ ಪಡೆದ ಗೆಳೆಯರೇ, ಹೊಸಬಾಳೆಯಿಂದ ಸೊರಬದವರೆಗೆ ಬಸ್ಸಿನಲ್ಲಿ ನಿಂತೇ ಬಂದ ನನ್ನ ಅಪ್ಪ, ಅವ್ವ ಹಾಗೂ ಸಭಿಕರೇ,

ಬೆಳಿಗ್ಗೆ ನಾನು ಬಂದಾಗ ಇಲ್ಲಿ ಬ್ಯಾನರ್ ಕಟ್ಟುತ್ತಿದ್ದರು. ನನ್ನ ಹೆಸರಿನ ಕೆಳಗೆ ಒಂದು ಬಿಳಿ ಕಾಗದದ ಪಟ್ಟಿ ಅಂಟಿಸಿದ್ದರು. ಗೋಂದು ಇನ್ನೂ ಒಣಗಿರಲಿಲ್ಲ. ಪಟ್ಟಿಯ ಮೇಲೆ ‘ಎಂ.ಎ. ಸಾಹಿತ್ಯ’ ಎಂದಿತ್ತು. ಅದರಡಿಯಲ್ಲಿ ಏನಿದೆಯೆಂದು ನನಗೆ ಗೊತ್ತು. ನಾನೇ ಬರೆದು ಕಳಿಸಿದ್ದು: ಎಂ.ಎ., ಬೈಬಲ್ ಅಧ್ಯಯನ.

ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು ಪ್ರೀತಿಯಿಂದಲೇ ಹೇಳಿದರು: “ನೋಡವ್ವಾ ಪ್ರಮೀಳಾ, ನಮಗೇನೂ ಇಲ್ಲ. ಜನ ಒಂದಕ್ಕೆ ಎರಡು ಸೇರಿಸ್ತಾರೆ. ಸಾಹಿತ್ಯ ಅಂದ್ರೆ ಸಾಕು, ಸುಳ್ಳೇನಲ್ಲಲ್ಲ.”

ನಾನು ತಲೆಯಾಡಿಸಿದೆ. ತಲೆಯಾಡಿಸುವುದು ನನ್ನ ಅಭ್ಯಾಸ. ವಾಸಂತಿ ಮೇಡಂ ತರಗತಿಯಲ್ಲಿ ಹಾಜರಿ ಹೇಳಿದ್ದು ಬಿಟ್ಟರೆ ನಾನು ಬೇರೆ ಮಾತಾಡಿದ್ದು ಕಡಿಮೆ.

ಅವ್ವನದೂ ಈ ವಾರವಿಡೀ ಇದೇ ಮಾತು. “ಓದಿದ್ದು ಸಾಕು. ಹುಡುಗಿ ಆ ಕಡೆ ಸೇರ್ಕಂಡಾಳಾ ಅಂತ ಜಡೆ ಊರಿನ ನೆಂಟ್ರು ಕೇಳಿದ್ರಂತೆ. ನಾ ಏನ್ ಹೇಳ್ಲಿ?” ಇಂಥ ಮಾತಿಗೆ ಹೆದರಿಯೇ ಅವ್ವ ಎರಡು ವರ್ಷದಿಂದ ಕೇಳಿದವರಿಗೆಲ್ಲ ‘ಕನ್ನಡ ಎಂ.ಎ.’ ಎಂದೇ ಹೇಳುತ್ತಾ ಬಂದಿದ್ದಾಳೆ. ನಾನೆಲ್ಲೂ ಸೇರಿಲ್ಲ, ಸಭಿಕರೇ. ಓದಿದ್ದೇನೆ, ಅಷ್ಟೆ. ಇದೇ ವಿಷಯದಲ್ಲಿ ಸಂಶೋಧನೆಗೆ ಮಂಗಳೂರಿನಲ್ಲಿ ನನಗೆ ಸೀಟು ಸಿಕ್ಕಿದೆ. ಸೋಮವಾರದೊಳಗೆ ಉತ್ತರ ಕೊಡಬೇಕು. ಮನೆಯಲ್ಲಿ ಇನ್ನೂ ಹೇಳಿಲ್ಲ. ಈಗ ಹೇಳಿದ ಹಾಗಾಯಿತೇನೋ.

ಬೈಬಲ್ ಓದುವುದೆಂದರೆ ಏನು? ಅಣ್ಣ ಯತೀಶ ಕೇಳಿದ್ದ: “ಒಂದೇ ಪುಸ್ತಕಕ್ಕೆ ಎರಡು ವರ್ಷನಾ? ಅಷ್ಟು ದಪ್ಪ ಐತಾ?” ದಪ್ಪ ಇದೆ. ಆದರೆ ಅದು ಒಂದು ಪುಸ್ತಕವಲ್ಲ, ಒಂದು ಕಪಾಟು. ಯಾರು ಬರೆದರು, ಯಾರಿಗಾಗಿ ಬರೆದರು, ಒಂದೇ ಸಂಗತಿ ಎರಡು ಕಡೆ ಬೇರೆ ಬೇರೆಯಾಗಿ ಯಾಕಿದೆ, ಅದನ್ನು ಕನ್ನಡಕ್ಕೆ ತಂದವರು ಯಾವ ಮಾತನ್ನು ಆರಿಸಿದರು ಎಂಬುದೆಲ್ಲ ನಮ್ಮ ಪಾಠ. ತರಗತಿಯಲ್ಲಿ ಇದ್ದವರು ಒಬ್ಬರು ಪಾದ್ರಿ, ಇಬ್ಬರು ಸಿಸ್ಟರುಗಳು, ನಿವೃತ್ತರಾದ ಒಬ್ಬ ವಕೀಲರು ಮತ್ತು ನಾನು. ಭಕ್ತಿಗೆ ಅಂಕ ಇರಲಿಲ್ಲ. ಇದ್ದಿದ್ದರೆ ನಮ್ಮ ಪಾದ್ರಿಗಳು ಒಂದು ಪೇಪರನ್ನು ಮತ್ತೆ ಬರೆಯಬೇಕಾಗುತ್ತಿರಲಿಲ್ಲ.

ಒಂದು ದಿನ ನಮಗೆ ಪಾಠ ಮಾಡುತ್ತಿದ್ದ ದೇವರಾಜ ಸರ್ ಬೈಬಲಿನ ಒಂದು ಕಥೆ ತೆಗೆದುಕೊಂಡರು. ಕಣ್ಣು ಮಂಜಾದ ಒಬ್ಬ ಮುದುಕ ತನ್ನ ಹಿರಿಯ ಮಗನನ್ನು ಹರಸಬೇಕು. ಹಿರಿಯವನ ಮೈತುಂಬ ಕೂದಲು. ತಾಯಿಗೆ ಕಿರಿಯವನ ಮೇಲೆ ಮಮತೆ. ಅವಳು ಆಡುಮರಿಯ ಚರ್ಮವನ್ನು ಅವನ ಕೈಗೆ, ಕೊರಳಿಗೆ ಸುತ್ತಿ, ಅಣ್ಣನ ಬಟ್ಟೆ ತೊಡಿಸಿ ಒಳಗೆ ಕಳಿಸುತ್ತಾಳೆ. ತಂದೆ ಮುಟ್ಟಿ, ಮೂಸಿ, ಹರಸುತ್ತಾನೆ.

“ಇದು ಮೋಸಾರೀ,” ಎಂದರು ವಕೀಲರು. “ಸಹಿ ನಕಲು ಮಾಡಿದಷ್ಟೇ ತಪ್ಪು.” ಎಲ್ಲರೂ ಒಪ್ಪಿದರು.

ನಾನು ಕೈ ಎತ್ತಿದೆ. ನಮ್ಮದು ಕುರಿ ಸಾಕುವ ಮನೆ. ಒಂದು ಕುರಿಯ ಮರಿ ಸತ್ತಿರುತ್ತದೆ. ಇನ್ನೊಂದು ಮರಿಗೆ ತಾಯಿ ಇರುವುದಿಲ್ಲ. ತಬ್ಬಲಿ ಮರಿ ಹತ್ತಿರ ಹೋದರೆ ಕುರಿ ಹಾಯುತ್ತದೆ. ಆಗ ಅವ್ವ ಸತ್ತ ಮರಿಯ ಚರ್ಮ ಸುಲಿದು ತಬ್ಬಲಿಗೆ ಅಂಗಿಯ ಹಾಗೆ ಕಟ್ಟುತ್ತಾಳೆ. ಕುರಿ ಮೂಸುತ್ತದೆ, ನಿಲ್ಲುತ್ತದೆ, ಹಾಲು ಬಿಡುತ್ತದೆ. ಇದನ್ನು ಹೇಳಿ ಕೇಳಿದೆ: “ಸರ್, ಚರ್ಮ ಸುತ್ತುವಾಗ ಆ ತಾಯಿಯ ಕೈ ನಡುಗಲಿಲ್ಲವಾ? ಕಥೆಯಲ್ಲಿ ಅದು ಯಾಕಿಲ್ಲ?” ಅವ್ವನ ಕೈ ನಡುಗುವುದನ್ನು ನಾನು ನೋಡಿದ್ದೇನೆ.

ದೇವರಾಜ ಸರ್, “ಅದನ್ನು ನೀವೇ ಹುಡುಕಿ” ಎಂದರು. ನನ್ನ ಸಂಶೋಧನೆಯ ವಿಷಯ ಹುಟ್ಟಿದ್ದು ಅಲ್ಲಿ.

ಆದರೆ ವಕೀಲರ ಮಾತೂ ನನ್ನನ್ನು ಬಿಡಲಿಲ್ಲ. ಆ ಕಥೆಯಲ್ಲಿ ಮೋಸ ಹೋದ ಅಣ್ಣ ಗಟ್ಟಿಯಾಗಿ ಅಳುತ್ತಾನೆ. ಕಿರಿಯವನು ಮನೆ ಬಿಟ್ಟು ಓಡಬೇಕಾಗುತ್ತದೆ. ತಾಯಿ ಅವನನ್ನು ಮತ್ತೆ ನೋಡಿದಳೆಂದು ಎಲ್ಲಿಯೂ ಬರೆದಿಲ್ಲ. ನಮ್ಮ ಹಟ್ಟಿಯಲ್ಲಿ ಹಾಗಾಗುವುದಿಲ್ಲ. ಯಾಕೆ? ಕುರಿ ಮರಿಗೆ ಒಗ್ಗುತ್ತಿದ್ದಂತೆ ಅವ್ವ ಆ ಚರ್ಮವನ್ನು ಬಿಚ್ಚಿಬಿಡುತ್ತಾಳೆ. ಬಿಚ್ಚದೇ ಬಿಟ್ಟರೆ ಅದು ಕೊಳೆತು ಮರಿಯ ಮೈಗೇ ಹುಳ ಬೀಳುತ್ತದೆ. ಬಿಚ್ಚಿದ ಮೇಲೂ ಕುರಿ ಮರಿಯನ್ನು ದೂಡುವುದಿಲ್ಲ. ಅಷ್ಟರಲ್ಲಿ ಮರಿಯ ಮೈಯಲ್ಲಿ ಆ ಕುರಿಯದೇ ಹಾಲಿನ ವಾಸನೆ ಬಂದಿರುತ್ತದೆ.

ಅವ್ವಾ, ‘ಕನ್ನಡ ಎಂ.ಎ.’ ಎಂದು ನೀನು ಹೇಳಿದ್ದು ನನ್ನ ಒಳ್ಳೆಯದಕ್ಕೇ. ಅಧ್ಯಕ್ಷರು ಪಟ್ಟಿ ಅಂಟಿಸಿದ್ದೂ ಹಾಗೆಯೇ. ಅದರಿಂದಲೇ ನಾನು ಇಲ್ಲಿಯವರೆಗೆ ಬಂದೆ. ಇನ್ನು ಸಾಕು. ನಾನು ಬರುತ್ತೇನೆಂದು ಸೋಮವಾರ ಮಂಗಳೂರಿಗೆ ತಿಳಿಸುತ್ತೇನೆ. ಜಡೆಯವರು ಕೇಳಿದರೆ ಮಗಳು ಬೈಬಲ್ ಓದುತ್ತಾಳೆ ಎಂದೇ ಹೇಳು. ನಿನಗೆ ಕಷ್ಟವಾದರೆ ನನ್ನನ್ನು ಕರೆ, ನಾನೇ ಹೇಳುತ್ತೇನೆ.

ಮನೆಯಲ್ಲಿ ಆಡಲಾಗದ ಮಾತಿಗೆ ಇಲ್ಲಿ ಮೈಕು ಕೊಟ್ಟಿದ್ದೀರಿ. ಅಧ್ಯಕ್ಷರಿಗೆ, ಮೇಡಂಗೆ, ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.