ಬೆರಕೆಯಿಲ್ಲದ ಅಲಿಗೋಟೆ

ಫ್ರಾನ್ಸಿನ ಬೋನ್ ಪೇಟೆಯಲ್ಲಿ ಶಾರ್ಡನೆ ದ್ರಾಕ್ಷಿಯ ಒಂದು ಬಾಟಲಿ ವೈನಿಗೆ ಮೂವತ್ತು ಯೂರೋ ಕೊಡುವವರು ಅಲಿಗೋಟೆ ದ್ರಾಕ್ಷಿಯ ವೈನಿಗೆ ಎಂಟು ಕೊಡಲೂ ಗೊಣಗುತ್ತಾರೆ. ತಂದ ಮೇಲೂ ಹುಳಿಯೆಂದು ಅದಕ್ಕೆ ಕಪ್ಪು ಕರಂಟ್ ಹಣ್ಣಿನ ಸಿಹಿ ಮದ್ಯ ಬೆರೆಸಿಯೇ ಕುಡಿಯುತ್ತಾರೆ. ಬಸ್ ಚಾಲಕ ಗಾಸ್ಪಾರನೂ ಹಾಗೆಯೇ ಕುಡಿಯುವವನು. ಆದ್ದರಿಂದ ಬೆನ್ನ ಹಿಂದಿನ ಸೀಟಿನಲ್ಲಿ ಮುದುಕಿ ಯೊಲಾಂದ್ ತನ್ನ ಗೆಳತಿ ಆರ್ಲೆಟ್‌ಗೆ ಹೇಳಿದ ಮಾತಿಗೆ ಅವನ ಕಿವಿ ನೆಟ್ಟಗಾಯಿತು.

"ಭಾನುವಾರ ಅಲಿಗೋಟೆನ ಏನೂ ಬೆರೆಸದೆ ಕುಡಿದೆ ಕಣೇ."

"ಅಯ್ಯೋ! ಹಲ್ಲು ಜುಮ್ಮನ್ನಲಿಲ್ವಾ?"

"ಸಿಹಿ ಮದ್ಯದ ಶೀಸೆ ಖಾಲಿಯಾಗಿತ್ತು, ವಿಧಿಯಿಲ್ದೆ ಕುಡಿದೆ. ಮೊದಲು ನಿಂಬೆ ಥರ, ಆಮೇಲೆ ಹಸಿ ಬಾದಾಮಿ ಥರ. ಎಷ್ಟು ಚೆನ್ನಾಗಿತ್ತು ಅಂತೀಯಾ!"

"ನಿನ್ನ ಗಂಡ ಇದನ್ನೇ ತಾನೇ ಬಡ್ಕೋತಾ ಇದ್ದಿದ್ದು?"

"ನಲವತ್ತು ವರ್ಷ. ಒಂದು ಗುಟುಕು ಕುಡಿದು ನೋಡೇ ಅಂತಿದ್ದ. ನಾನು ಮೂತಿ ತಿರುಗಿಸ್ತಿದ್ದೆ."

"ಅವನಪ್ಪ ನೆಟ್ಟ ಅಲಿಗೋಟೆ ಬಳ್ಳಿ ಕೀಳಿಸಿದವಳೂ ನೀನೇ."

"ಹೌದು. ಶಾರ್ಡನೆ ಹಾಕು ಅಂತ ಜೀವ ತಿಂದೆ. ಕಿತ್ತ. ಮರುವರ್ಷ ತಾನೂ ಹೋದ."

"ಆ ಬಳ್ಳಿಯ ವೈನು ಎಷ್ಟು ಬಾಟಲಿ ಉಳಿದಿದೆ?"

"ಮೂರು. ಸಂಜೆ ಬಾರೇ, ಒಬ್ಬಳೇ ಕುಡಿಯೋಕೆ ಬೇಜಾರು."

"ಇವತ್ತು ಆಗಲ್ಲ ಕಣೇ, ಮಗಳ ಮನೇಲಿ ಊಟ."

"ಹೋಗ್ಲಿ ಬಿಡು."

ಆರ್ಲೆಟ್ ಚರ್ಚಿನ ಹತ್ತಿರ ಇಳಿದಳು. ಯೊಲಾಂದ್ ಕೊನೆಯ ನಿಲ್ದಾಣದಲ್ಲಿ ಇಳಿದು, ಗಾಸ್ಪಾರನಿಗೆ "ಬರ್ತೀನಪ್ಪ" ಎಂದು ಮನೆಯ ದಾರಿ ಹಿಡಿದಳು. ಗಂಡ ಹೇಳುತ್ತಿದ್ದುದು ನಿಜವೆಂದು ಅವಳಿಗೆ ಕೊನೆಗೂ ತಿಳಿದಿತ್ತು. ಹಾಗೆಂದು ಹೇಳಲು ಮನೆಯಲ್ಲಿ ಅವನಿರಲಿಲ್ಲ.