ಮೂರು ತೂತಿನ ಆಪರೇಷನ್ನು

ವೇದಿಕೆಯ ನಡುವೆ ಕುಳಿತ ಅಧ್ಯಕ್ಷರೇ, ನನಗಿಂತ ಮೊದಲು ಮಾತನಾಡಿ ನನ್ನ ಮಾತನ್ನೆಲ್ಲ ಖಾಲಿ ಮಾಡಿದ ಅತಿಥಿಗಳೇ, ಡಾಕ್ಟರ್ ತ್ರಿವೇಣಿ ಅಮ್ಮನವರೇ, ಫ್ಯಾನಿನ ಕೆಳಗೆ ಜಾಗ ಹಿಡಿದಿರುವ ಜಾಣ ಸಭಿಕರೇ,

ಹೊಸಪೇಟೆಯ ಈ ನರ್ಸಿಂಗ್ ಹೋಮಿಗೆ, ತೀರಿಹೋದ ನನ್ನ ಹೆಂಡತಿ ಕೊಟ್ರಬಸಮ್ಮನ ಹೆಸರಿನಲ್ಲಿ, ರಕ್ತದೊಳಗಿನ ಉರಿಯೂತ ಅಳೆಯುವ ಯಂತ್ರವೊಂದನ್ನು ಕೊಟ್ಟಿದ್ದೇನೆ. ದಾನಿ ಮರುಳಸಿದ್ದಪ್ಪನವರು ಎರಡು ಮಾತಾಡಲಿ ಎಂದಿರಿ. ಅದಿರು ಲಾರಿಗಳ ಮಾಲೀಕನ ಕೈಗೆ ಮೈಕು ಕೊಟ್ಟ ಮೇಲೆ ಬ್ರೇಕು ಹಾಕುವವರು ಯಾರು?

ಉರಿಯೂತ ಎಂದರೇನು? ಗಾಯವಾದಾಗ ಮೈ ಎಬ್ಬಿಸುವ ಗದ್ದಲ. ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದರೆ ಗದ್ದಲ ಹೆಚ್ಚು. ಮೂರು ತೂತು ಮಾಡಿ, ದುರ್ಬೀನು ಇಳಿಸಿ ತೆಗೆದರೆ ಕಡಿಮೆ. ಎರಡು ವರ್ಷದ ಹಿಂದೆ, 2005ರಲ್ಲಿ, ಕೊಟ್ರಬಸಮ್ಮನಿಗೆ ಹೀಗೆ ಮೂರು ತೂತಿನ ಆಪರೇಷನ್ ಮಾಡಿದ ಮೇಲೆ, ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಹೇಳಿದ್ದರು:

"ಕಡಿಮಿ ಅಂದೀನಿ, ಇಲ್ಲ ಅಂದಿಲ್ಲ. ಹೊರಗ ಮೂರೇ ತೂತು ಇದ್ರೂ ಒಳಗ ಗಾಯ ಐತ್ರಿ. ಜ್ವರ ಬಂದ್ರ, ಹೊಟ್ಟಿ ಉಬ್ಬಿದ್ರ ಜಲ್ದಿ ಕರ್ಕೊಂಡು ಬರ್ರಿ."

ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನನ್ನನ್ನು ಮೀರಿಸುವವರು ಸಂಡೂರು ತಾಲ್ಲೂಕಿನಲ್ಲೇ ಇಲ್ಲ.

ನಮ್ಮ ಕಡೆ ಆಪರೇಷನ್ ಆದವರನ್ನು ನೋಡಲು ಬಂದವರು ಮೊದಲು ಕೇಳುವುದೇನು? ಹೊಲಿಗೆ ಎಷ್ಟು ಎಂದು. ನಮ್ಮ ಅತ್ತಿಗೆ ನಿಂಗಕ್ಕನಿಗೆ ಹಿಂದೆ ಹೊಟ್ಟೆ ಕೊಯ್ದಾಗ ಹದಿನಾಲ್ಕು ಬಿದ್ದಿದ್ದವು. ಹದಿನಾಲ್ಕು ಹೊಲಿಗೆಗೆ ನಲವತ್ತು ದಿನ ಮಂಚ, ಬಿಸಿನೀರು, ಬ್ರೆಡ್ಡು, ಬಾಣಂತಿಗೂ ಸಿಗದ ಮರ್ಯಾದೆ. ಕೊಟ್ರಬಸಮ್ಮ ಮೂರನೆಯ ದಿನವೇ ಮನೆಗೆ ಬಂದಳು. ನಿಂಗಕ್ಕ ಸೆರಗು ಸರಿಸಿ ನೋಡಿದಳು.

"ಇಷ್ಟ ಏನವ್ವ? ಮೂಗು ಚುಚ್ಚಿದಂಗ ಐತಲ್ಲ. ಏಳು, ಚಾ ಇಡು."

ಇಟ್ಟಳು. ಐದನೆಯ ದಿನ ನಮ್ಮ ಎಂಟು ಡ್ರೈವರುಗಳಿಗೆ ರೊಟ್ಟಿ ಬಡಿದಳು. ಬಡಿ ಎಂದವರು ಯಾರು? ನಿಂಗಕ್ಕನ ಮೇಲೆ ಹಾಕಬಹುದಿತ್ತು. ಅವಳು ಅಷ್ಟೊತ್ತಿಗೆ ಊರಿಗೆ ಹೋಗಿದ್ದಳು.

ಆರನೆಯ ದಿನ ಕೊಟ್ರಬಸಮ್ಮ ಒಲೆಯ ಮುಂದಿನಿಂದಲೇ ಹೇಳಿದಳು, "ಯಾಕೋ ಮೈ ಬಿಸಿ ಅನ್ನಸ್ತೈತ್ರೀ."

"ಬೆಂಕಿ ಮುಂದ ಕುಂತ್ರ ಲಾರಿ ಇಂಜಿನ್ನೂ ಬಿಸಿ ಆಗತೈತಿ," ಎಂದೆ. ಡ್ರೈವರುಗಳು ನಕ್ಕರು. ಅವಳೂ ನಕ್ಕಳು. ನನ್ನ ಹಾಸ್ಯಪ್ರಜ್ಞೆಯನ್ನು ಅತಿಥಿಗಳು ಈಗಷ್ಟೇ ಹೊಗಳಿದರಲ್ಲ, ಅದು ಇದೇ.

ಎಂಟನೆಯ ದಿನ ಹೊಟ್ಟೆ ಹಲಗೆಯಂತಾಗಿತ್ತು. ಇಲ್ಲಿಗೆ ಹೊತ್ತು ತಂದೆವು. ಒಳಗೆ ಕೀವಾಗಿ ರಕ್ತಕ್ಕೆಲ್ಲ ನಂಜು ಏರಿತ್ತು. ಡಾಕ್ಟರಮ್ಮ ಬಯ್ಯಲಿಲ್ಲ. "ಎರಡು ದಿನ ಮೊದಲು ತರಬೇಕಿತ್ರಿ" ಎಂದರು, ಅಷ್ಟೇ. ಬಯ್ದಿದ್ದರೆ ಒಂದಿಷ್ಟು ಹಗುರಾಗುತ್ತಿದ್ದೆನೋ ಏನೋ.

ಸಭಿಕರೇ, ಹೆಂಗಸಿನ ನೋವಿಗೂ ಉದ್ದ ಅಗಲ ಬೇಕೇ? ಗೇಣುದ್ದ ಕೊಯ್ದಿದ್ದರೆ ನಾವು ಅವಳನ್ನು ಮಲಗಲು ಬಿಡುತ್ತಿದ್ದೆವು. ಸಣ್ಣ ಗಾಯ ಅವಳ ಒಳ್ಳೆಯದಕ್ಕೇ ಬಂದ ವಿದ್ಯೆ. ನಮ್ಮ ಮನೆಗೆ ಬಂದು ಕೆಟ್ಟಿತು.

ಯಂತ್ರ ಸರಿಯಿದೆಯೇ ಎಂದು ಮೊನ್ನೆ ನನ್ನ ರಕ್ತವನ್ನೇ ಹಾಕಿ ನೋಡಿದರು. ಉರಿಯೂತ ಎಳ್ಳಷ್ಟೂ ಇಲ್ಲವಂತೆ. ಲ್ಯಾಬಿನ ಹೊನ್ನೂರುಸ್ವಾಮಿ ನನ್ನ ಕೈ ಕುಲುಕಿ, "ಸಾವ್ಕಾರ್ರ, ನೀವು ನೂರು ವರ್ಷ ಇರ್ತೀರಿ ಬಿಡ್ರಿ," ಎಂದ. ಇಷ್ಟು ನಗುನಗುತ್ತಾ ಶಾಪ ಹಾಕಿದವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ನಡುವೆ ಯಾರೂ ಎದ್ದು ಹೋಗಲಿಲ್ಲ. ಅದಕ್ಕೆ ನಿಮಗೆ ಋಣಿ. ನಮಸ್ಕಾರ.